ಸ್ವಲ್ಪ ಸರಕೊಂಡ ಕುಂದ್ರಿ

ಹಾವೇರಿಯಲ್ಲಿ ಹೆಣ್ಣು ಸಿಕ್ಕೀತು, ಗಂಡು ಸಿಕ್ಕೀತು, ಬಾಡಿಗೆ ಮನೆ ಸಿಗದು. ಜಿಲ್ಲೆಯಾದ ಮೇಲೆ ಕಚೇರಿಗಳು ಬಂದವು, ಕಚೇರಿಯವರು ಬಂದರು, ಅವರ ಹಿಂದೆ ಅವರ ನೆಂಟರೂ ಬಂದರು. ಎರಡು ಕೋಣೆ, ಒಂದು ಪಡಸಾಲೆಯ ನಮ್ಮ ಮನೆಯಲ್ಲಿ ನಾನು, ಯಜಮಾನರು, ಅತ್ತೆ, ದೊಡ್ಡ ಮಗನ ಸಂಸಾರ, ಸಣ್ಣ ಮಗ ಇಷ್ಟೂ ಜನ ಇದ್ದೇವೆ. ಹೀಗಿದ್ದಲ್ಲಿ ನಗುವುದಕ್ಕೆ ಬರವೇ? ಧಾರವಾಡದಲ್ಲಿ ಬಿ.ಎ. ಓದಿದವಳು ನಾನು, ನಡೆದದ್ದನ್ನು ಅಂದಂದೇ ಬರೆದಿಡುತ್ತೇನೆ. ಇವು ಸಣ್ಣ ಮಗನಿಗೆ ಹೆಣ್ಣು ಗೊತ್ತು ಮಾಡಿದ ವರ್ಷದವು.

ಒಂದೇ ಕೌದಿ

ಐರಣಿಯ ನಮ್ಮ ಸಂಬಂಧಿಕರಿಬ್ಬರು ಅಣ್ಣತಮ್ಮಂದಿರು. ಮನೆ ಪಾಲಿನ ಸಲುವಾಗಿ ಹಾವೇರಿ ಕೋರ್ಟಿನಲ್ಲಿ ದಾವೆ ನಡೆಸಿದ್ದಾರೆ, ಮಾತು ಬಿಟ್ಟಿದ್ದಾರೆ. ತಾರೀಖಿನ ಹಿಂದಿನ ಸಂಜೆ ಅಣ್ಣ ನಮ್ಮಲ್ಲಿ ವಸ್ತಿಗೆ ಬಂದ. ಲಾಡ್ಜಿನಲ್ಲಿ ಜಾಗ ಸಿಗದೆ ತಮ್ಮನೂ ಬಂದ. ಉಳಿದದ್ದು ಒಂದೇ ಚಾಪೆ, ಒಂದೇ ಕೌದಿ.

"ಕಾಕಿ, ಇಂವನ ಬಾಜೂಕ ನಾ ಮಲಗಂಗಿಲ್ಲ" ಎಂದ ಅಣ್ಣ.

"ಹಂಗಾರ ನಮ್ಮ ಅತ್ತಿಯವರ ಗ್ವರಕಿ ಕೇಳಕೋತ ಅಡಿಗಿ ಮನ್ಯಾಗ ಮಲಗು" ಎಂದೆ. ತಮ್ಮನ ಪಕ್ಕದಲ್ಲೇ ಚಾಪೆಯ ಮೇಲೆ ಒರಗಿದ.

ಬೆಳಿಗ್ಗೆ ಇಬ್ಬರೂ ಒಂದೇ ಬೈಕಿನಲ್ಲಿ ಕೋರ್ಟಿಗೆ ಹೊರಟರು. ಹಿಂದೆ ಕುಳಿತ ತಮ್ಮ ಹೇಳಿದ: "ಕೌದಿ ಪೂರಾ ಇಂವನ ಎಳಕೊಂಡ ಕಾಕಿ. ವಕೀಲರಿಗೆ ಹೇಳಿ ಅದನ್ನೂ ದಾವೇದಾಗ ಸೇರಸ್ತೇನಿ."

ಅಳುವುದಕ್ಕೆ ಅನುಕೂಲ

ಸಣ್ಣ ಮಗನ ಕೆಲಸ ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿ. ಕುಪ್ಪೇಲೂರಿನ ಹೆಣ್ಣಿನವರು, "ಹುಡುಗಿಗೆ ಜಾಗ ಐತಿ ಅಂತ ಕಂಡರಷ್ಟ ಮುಂದಿನ ಮಾತು" ಎಂದಿದ್ದರು. ಹುಡುಗನಿಗೆ ಹುಡುಗಿ ಮನಸ್ಸಿಗೆ ಬಂದಿದ್ದಳು. ಹಾಗಾಗಿ ಬಾಡಿಗೆ ಮನೆ ಹುಡುಕಲು ಹೊರಟೆವು.

ಬ್ಯಾಡಗಿಯಲ್ಲೊಂದು ಮನೆ ಸಿಕ್ಕಿತು. ಬಾಡಿಗೆ ಕಡಿಮೆ, ನೀರು ಧಾರಾಳ. ಒಳಗೆ ಕಾಲಿಟ್ಟೊಡನೆ ಯಜಮಾನರು ಸೀನಿದರು, ನಾನು ಸೀನಿದೆ, ಮಾಲಕರೂ ಸೀನಿದರು.

"ಏನಿಲ್ರಿ, ಸುಗ್ಗ್ಯಾಗ ಮುಂದಿನ ಖೋಲ್ಯಾಗ ನಮ್ಮ ಮೆಣಸಿನಕಾಯಿ ಚೀಲ ಇರತಾವು. ಬಾಕಿ ಮನಿ ನಿಮ್ದ."

"ಅಲ್ರೀ, ಹೊಸದಾಗಿ ಬಂದ ಸೊಸಿ ಕಣ್ಣಾಗ ನೀರ ಹಾಕ್ಕೋತ ಇರಬೇಕೇನು?"

"ಅದ ಅನುಕೂಲ ರಿ ಅಕ್ಕಾರ. ತವರಮನಿ ನೆನಸಿ ಅತ್ತರೂ ಯಾರಿಗೂ ಗೊತ್ತಾಗಂಗಿಲ್ಲ."

ಪಾಯದ ಮೇಲೆ ಟವೆಲ್

ರಾಣೆಬೆನ್ನೂರಿನಲ್ಲಿ ತೋರಿಸಿದ ಮನೆಗೆ ಇನ್ನೂ ಗೋಡೆಯೇ ಇರಲಿಲ್ಲ. ಮಾಲಕರು ಪಾಯದೊಳಗೆ ನಿಂತು, "ಇದು ಹಾಲ್ ರಿ, ಇದು ಬಚ್ಚಲ" ಎಂದು ಕೈ ತೋರಿಸಿದರು. ಯಜಮಾನರು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದರಲ್ಲಿ ಪಳಗಿದವರು. ಸರಕ್ಕನೆ ಹೆಗಲ ಟವೆಲ್ ತೆಗೆದು ಹಾಲ್ ಎಂದ ಜಾಗದ ಕಲ್ಲಿನ ಮೇಲೆ ಹಾಸಿದರು.

ಹಿಂದಿನಿಂದ ಯಾರೋ ಅಂದರು: "ಯಜಮಾನ್ರ, ಬಚ್ಚಲದಾಗ ನೋಡ್ರಿ. ನಮ್ಮ ಕರ್ಚೀಫ್ ಮುಂಜಾನೇನ ಬಿದ್ದೈತಿ."

ಮನೆ ನೋಡುವ ದಿನ

ಬಾಡಿಗೆ ಮನೆ ಸಿಗಲಿಲ್ಲ, ಹೆಣ್ಣಿನವರು ನಮ್ಮ ಮನೆ ನೋಡಲು ಬರುವ ದಿನ ಬಂತು. ಮನೆ ಮನಸ್ಸಿಗೆ ಬಾರದಿದ್ದರೆ ಚಹಾ ಕುಡಿದು ಎದ್ದು ಹೋಗುವ ಪೈಕಿಯವರು. ಮಗನ ಮುಖ ನೋಡಲಾಗದೆ ನಾನೇ ಉಪಾಯ ತೆಗೆದೆ. ಹಾಸಿಗೆ, ಟ್ರಂಕು, ಕಾಳಿನ ಡಬ್ಬಿ, ದೊಡ್ಡ ಮಗನ ಸಂಸಾರ, ಕಡೆಗೆ ಅತ್ತೆ, ಎಲ್ಲವನ್ನೂ ಪಕ್ಕದ ಮನೆಗೆ ದಾಟಿಸಿದೆವು. ನಮ್ಮ ಮನೆ ಇಷ್ಟು ಅಗಲವೆಂದು ನನಗೂ ಅವತ್ತೇ ಗೊತ್ತಾದದ್ದು.

ಹುಡುಗಿಯ ತಂದೆ ಬಚ್ಚಲನ್ನೂ ಬಿಡದೆ ನೋಡಿ ಬಂದು ಕುಳಿತರು. "ಇಷ್ಟ ದೊಡ್ಡ ಮನ್ಯಾಗ ಮೂರ ಮಂದಿ ಅಂದ್ರ ಬಣಬಣ ಅನಸಂಗಿಲ್ಲೇನ್ರಿ?"

"ರೂಢಿ ಆಗೇತ್ರಿ" ಎಂದೆ. ಯಜಮಾನರು ಕೆಮ್ಮಿದರು.

"ನಮಗ ಒಪ್ಪಿಗಿ ಐತ್ರಿ" ಎಂದರು. ಮಗನಿಗೆ ಉಸಿರು ಬಂತು. ನಾನು ಸಕ್ಕರೆ ತರಲು ಎದ್ದೆ.

"ಒಂದ ಮಾತ್ರಿ. ನಮ್ಮ ಸಣ್ಣ ಮಗಳಿಗೆ ಇಲ್ಲೇ ಕಾಲೇಜಿನಾಗ ಸೀಟ ಸಿಕ್ಕೇತಿ, ರೂಮ್ ಸಿಗವಲ್ದು. ಹೆಂಗೂ ಮನಿ ಖಾಲಿ ಐತಿ, ಅಕ್ಕನ ಜೋಡಿ ಆಕಿನೂ ಇಲ್ಲೇ ಇರಲಿ."

ಒಲ್ಲೆನೆಂದರೆ ಮದುವೆ ಮುರಿಯುತ್ತದೆ. "ಅಡ್ಡಿಯಿಲ್ರಿ" ಎಂದೆ. ಅಷ್ಟರಲ್ಲಿ ಹಿತ್ತಲ ಗೋಡೆಯಾಚೆಯಿಂದ ಅತ್ತೆಯ ದನಿ: "ಅವರು ಹ್ವಾದ್ರೇನ? ನಾ ಬರಲೇನ? ಇಲ್ಲಿ ಕಾಲ ಚಾಚಾಕ ಜಾಗಾ ಇಲ್ಲ."

"ಯಾರ್ರಿ ಅವರು?"

"ಬಾಜೂ ಮನಿ ಅಜ್ಜಿ ರಿ" ಎಂದುಬಿಟ್ಟೆ.

ಹುಡುಗಿಯ ತಂದೆ ಮರುಗಿದರು. "ಪಾಪ, ವಯಸ್ಸಾದ ಜೀವ. ಅವರನ್ನೂ ನಿಮ್ಮಲ್ಲೇ ಇಟಗೊಳ್ರಲ್ಲಾ ಬೀಗತೇರ, ನಿಮಗೇನ ಜಾಗಾಕ್ಕ ಬರ ಐತೇನು?"