ಮಹಡಿ ಮೇಲಿನ ಇಪ್ಪತ್ತು ತಾಯಂದಿರು

ಒಪ್ಪಂದ ಹೀಗಿತ್ತು: ದೆಹಲಿಯ ಕರೋಲ್ ಬಾಗ್‌ನ ನನ್ನ ಹೋಟೆಲಿನ ಮಹಡಿ ಹಾಲ್ ಮಧ್ಯಾಹ್ನ ಮೂರರಿಂದ ಐದರವರೆಗೆ ಮೇಡಂಗೆ. ಬಾಡಿಗೆ ಬೇಡ, ಸಭೆಯ ಕಾಫಿ-ವಡೆ ಮಾತ್ರ ನನ್ನಲ್ಲೇ ಕೊಳ್ಳಬೇಕು. ಮೂರು ತಿಂಗಳೊಳಗೆ ಇಪ್ಪತ್ತು ತಾಯಂದಿರು ಸೇರದಿದ್ದರೆ ಹಾಲ್ ಪಕ್ಕದ ಬಟ್ಟೆ ವ್ಯಾಪಾರಿಯ ಗೋದಾಮಿಗೆ. ಇಪ್ಪತ್ತೇ ಯಾಕೆಂದರೆ, ಅದಕ್ಕಿಂತ ಕಡಿಮೆ ಜನಕ್ಕೆ ಬಾಣಲೆ ಇಟ್ಟರೆ ಎಣ್ಣೆಯೂ ಗಿಟ್ಟುವುದಿಲ್ಲ.

ನಮ್ಮ ಕಡೆ ಮೆಟ್ರೊ ಹೊಸದಾಗಿ ಬಂದ ವರ್ಷ ಅದು. ಮೇಡಂ ಧಾರವಾಡದವರು, ಮನಶ್ಶಾಸ್ತ್ರ ಓದಿದವರು. ಮನೆಯೊಳಗಿನ ಹೊಡೆತ-ಬೈಗುಳಕ್ಕೆ ಮಕ್ಕಳು ಮುದುಡಿಹೋಗುವ ಮೊದಲೇ ತಡೆಯಬೇಕು, ಅದಕ್ಕೆ ನೆರೆಹೊರೆಯೇ ಒಟ್ಟಾಗಬೇಕು ಅನ್ನುವುದು ಅವರ ವಾದ. "ಜಡ್ಡು ಬಂದ ಮ್ಯಾಲೆ ಬರೋ ಡಾಕ್ಟರಲ್ಲ ನಾನು, ಶೆಟ್ರ" ಅನ್ನುತ್ತಿದ್ದರು. ಮೊದಲೇ ಬರುವ ಡಾಕ್ಟರಿಗೆ ಫೀಸು ಕೊಡುವವರು ಯಾರು ಅಂತ ನನ್ನ ಅನುಮಾನ. ಇಂಥವರು ಮಹಡಿ ಮೇಲಿದ್ದರೆ ವಾರಕ್ಕೊಂದು ಪ್ರಸಂಗ ನಡೆಯದೆ ಇರುತ್ತದೆಯೇ?

ಬೋರ್ಡು

ಮೊದಲ ವಾರ ಬಾಗಿಲಿಗೆ ಹಿಂದಿಯಲ್ಲಿ 'ಮನೋವೈಜ್ಞಾನಿಕ ಸಲಹೆ' ಎಂಬ ಬೋರ್ಡು ಬಿತ್ತು. ಒಬ್ಬರೂ ಮೆಟ್ಟಿಲು ಹತ್ತಲಿಲ್ಲ. "ಭಯ್ಯಾ, ಮೇಲೆ ಹುಚ್ಚರ ಡಾಕ್ಟರ್ ಬಂದಿದ್ದಾರಂತೆ?" ಎಂದು ತರಕಾರಿಯವನು ಕೇಳಿದ. ಇಡ್ಲಿ ತಿನ್ನಲು ಬಂದವರನ್ನೂ ಗಲ್ಲಿಯವರು ಕನಿಕರದಿಂದ ನೋಡತೊಡಗಿದರು.

ನಾನು ಬೋರ್ಡು ಇಳಿಸಿ, 'ಇಲ್ಲಿ ತಾಯಂದಿರಿಗೆ ಸಾಂಬಾರ್ ಕಲಿಸಲಾಗುತ್ತದೆ' ಎಂದು ಬರೆಸಿದೆ. ಮರುದಿನ ಹನ್ನೊಂದು ಜನ.

"ಶೆಟ್ರ, ನನಗ ಸಾಂಬಾರ್ ಮಾಡಾಕ ಬರಂಗಿಲ್ಲ," ಮೇಡಂ ಪಿಸುಗುಟ್ಟಿದರು.

"ಅವರಿಗೂ ಬರಲ್ಲ. ಯಾರಿಗೆ ಗೊತ್ತಾಗತ್ತೆ?"

ಹತ್ತರವರೆಗೆ

ತರಕಾರಿ ಹೆಚ್ಚುತ್ತಾ ಹೆಚ್ಚುತ್ತಾ ಮನೆಮಾತು ಹೊರಗೆ ಬಂತು. ಮಗುವಿಗೆ ಹೊಡೆಯಬೇಕು ಅನ್ನಿಸಿದರೆ ಮೊದಲು ಹತ್ತರವರೆಗೆ ಗಟ್ಟಿಯಾಗಿ ಎಣಿಸಿ ಎಂದು ಮೇಡಂ ಹೇಳಿಕೊಟ್ಟರು.

ಮುಂದಿನ ವಾರ ಬಳೆ ಅಂಗಡಿಯಾಕೆ ಎದ್ದು ನಿಂತಳು. "ಎಣಿಸಿದೆ, ಮೇಡಂಜೀ."

"ಹೊಡೆಯಲಿಲ್ಲ ತಾನೇ?"

"ಯಾರಿಗೆ ಹೊಡೀಲಿ? ಏಳು ಅನ್ನುವಷ್ಟರಲ್ಲಿ ಮಗ ಮುಂದಿನ ಗಲ್ಲಿಯಲ್ಲಿರ್ತಾನೆ."

ಮೇಡಂ ಅದನ್ನು ಯಶಸ್ಸು ಎಂದೇ ಬರೆದುಕೊಂಡರು.

ಸಾಕು

ಮೂರನೇ ತಿಂಗಳ ಕೊನೆ. ಸಂಖ್ಯೆ ಹತ್ತೊಂಬತ್ತಕ್ಕೆ ನಿಂತಿತ್ತು. ಬಟ್ಟೆ ವ್ಯಾಪಾರಿ ಟೇಪು ತಂದು ಹಾಲ್ ಅಳೆದು ಹೋಗಿದ್ದ.

ಆಗಲೇ ತಾಯಂದಿರು ಒಂದು ಉಪಾಯ ಹೂಡಿದರು: ಯಾರ ಮನೆಯಲ್ಲಾದರೂ ಮಗುವಿನ ಮೇಲೆ ಕೈ ಎದ್ದರೆ ಒಂದು ಮಾತು ಕೂಗುವುದು; ಕೇಳಿದವರು ಸಕ್ಕರೆ ಕೇಳುವ ನೆವದಲ್ಲಿ ಹೋಗಿ ಬಾಗಿಲು ತಟ್ಟುವುದು. ಹಿಂದಿಯ 'ಬಸ್' ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು, ಯಾರೂ ತಿರುಗಿ ನೋಡುವುದಿಲ್ಲ. ಕೆಳಗೆ ಸಾಂಬಾರ್ ಬಡಿಸುವಾಗ ಕನ್ನಡದ ಗಿರಾಕಿಗಳು ಅದೇ ಅರ್ಥದಲ್ಲಿ ಅನ್ನುವ 'ಸಾಕು' ಅವರಿಗೆ ಹಿಡಿಸಿತು.

ಸೋಮವಾರ ಬಜಾರಿಗೆ ರಜೆ. ಬಳೆ ಅಂಗಡಿಯಾಕೆ ಸಭೆಗೆ ಹೊರಡುವ ಹೊತ್ತಿಗೆ ಗಂಡ ಮಗನ ಕಿವಿ ಹಿಡಿದ. ಆಕೆ "ಸಾಕೂ, ಸಾಕೂ" ಎಂದು ಕೂಗಿದಳು. ಆ ಮಾತು ಗೊತ್ತಿದ್ದವರೆಲ್ಲ ನನ್ನ ಮಹಡಿಯಲ್ಲಿದ್ದರು. ಗಲ್ಲಿಯಲ್ಲಿ ಉಳಿದವರಿಗೆ ಕೇಳಿಸಿದ್ದು 'ಚಾಕೂ'. ಐದು ನಿಮಿಷದಲ್ಲಿ ಬಾಗಿಲಲ್ಲಿ ನಲವತ್ತು ಜನ, ಜೊತೆಗೊಬ್ಬ ಪೊಲೀಸು. ಗಂಡ ಎರಡೂ ಕೈ ಮೇಲೆತ್ತಿ ನಿಂತಿದ್ದ. ಹುಡುಗನ ಕಿವಿ ತಾನಾಗಿಯೇ ಬಿಡುಗಡೆಯಾಗಿತ್ತು.

ಆ ಮಾತು ಮಹಡಿಯಲ್ಲಿ ಕಲಿತದ್ದು ಎಂದು ಆಕೆ ಹೇಳಿದ್ದೇ ತಡ, ಪೊಲೀಸು ಮೆಟ್ಟಿಲು ಹತ್ತಿ ಬಂದ. "ಚಾಕು ಕಲಿಸೋದು ಇಲ್ಲೇನಾ?" ಎಂದು ಬಾಗಿಲು ತೆರೆದು ನೋಡಿದರೆ, ಬದನೆಕಾಯಿ ಹೆಚ್ಚುತ್ತಿದ್ದ ಹದಿನೆಂಟು ಹೆಂಗಸರು, ಹದಿನೆಂಟು ಚಾಕು. ಆತ ಒಂದು ಮೆಟ್ಟಿಲು ಕೆಳಗಿಳಿದ.

ಹಾಲ್ ಹೋಯಿತು ಅಂದುಕೊಂಡೆ. ಮೇಡಂ ಆತನನ್ನು ಕೂರಿಸಿ, ಕಾಫಿ ಕೊಟ್ಟು, ಎಲ್ಲ ಬಿಡಿಸಿ ಹೇಳಿದರು. ಆತ ಕಾಫಿ ಮುಗಿಸಿ ಲೋಟ ಕೆಳಗಿಟ್ಟ.

"ನಮ್ಮ ಮನೇಲಿ ಕೈ ಎತ್ತೋದು ನಾನೇ," ಅಂದ. "ನನ್ನ ಹೆಂಡತೀನೂ ಬರಬಹುದಾ?"

"ನಾಳೆಯಿಂದಲೇ ಬರಲಿ."

"ಆದರೆ ಆ ಮಾತು ಅವಳಿಗೆ ಸ್ಪಷ್ಟವಾಗಿ ಹೇಳಿಸಿಕೊಡಿ, ಮೇಡಂ. ನಮ್ಮದು ಪೊಲೀಸ್ ಕ್ವಾರ್ಟರ್ಸು."

ಒಟ್ಟು ಗಳಿಕೆ: ಇಪ್ಪತ್ತು ತಾಯಂದಿರು, ಒಂದು ಬಾಣಲೆ ವಡೆ, ಬಟ್ಟೆ ವ್ಯಾಪಾರಿ ಮರೆತುಹೋದ ಒಂದು ಟೇಪು. ಸಾಂಬಾರ್ ಮಾತ್ರ ಇವತ್ತಿಗೂ ಯಾರಿಗೂ ಬಂದಿಲ್ಲ.