ಬೂಷ್ಟಿನ ಕೋಣೆಯಲ್ಲಿ ಸಂಡಿಗೆ

ನನ್ನ ಮೊಮ್ಮಗಳು ಮನೆಗೆ ಬಂದಳು! ಇವತ್ತು ಮಧ್ಯಾಹ್ನ ಅಮೆರಿಕದ ಶ್ಯಾಂಟಿಲಿಯ ಈ ಮನೆಯ ಬಾಗಿಲಲ್ಲಿ ಆರತಿ ಎತ್ತಿ, ದೃಷ್ಟಿ ತೆಗೆದು, ಕೂಸನ್ನು ಒಳಗೆ ಕರೆದುಕೊಂಡೆವು. ಮೂಗು ಥೇಟ್ ನನ್ನದೇ! ಅಳಿಯಂದಿರು ಒಪ್ಪುವುದಿಲ್ಲ, ಅದು ಬೇರೆ ಮಾತು.

ಆಸ್ಪತ್ರೆಯಿಂದ ಅವಳು ನೇರ ಇಲ್ಲಿಗೇ ಬರಬೇಕಿತ್ತು. ಆದರೆ ಬೇಸ್‌ಮೆಂಟಿನಲ್ಲಿ ಪೈಪು ಸೋರಿ ಗೋಡೆಯೊಳಗೆಲ್ಲ ಕಪ್ಪು ಬೂಷ್ಟು ಹಿಡಿದಿತ್ತು. ಅದು ಹೋಗುವವರೆಗೆ ಹಸುಗೂಸನ್ನು ತರಬೇಡಿ ಎಂದರು ಡಾಕ್ಟರು. ಮಗಳು ವನಜ ಕೂಸನ್ನೆತ್ತಿಕೊಂಡು ಹತ್ತಿರದ ಆಶ್‌ಬರ್ನಿನ ಗೆಳತಿಯ ಮನೆ ಸೇರಿದಳು. ಕಡಲು ದಾಟಿ ಬಾಣಂತನಕ್ಕೆ ಬಂದ ನನಗೆ ಬಾಣಂತಿಯೇ ಇಲ್ಲ!

ನಮ್ಮೂರಲ್ಲಾದರೆ ಗೋಡೆ ಕೆರೆದು ಸುಣ್ಣ ಬಳಿದರೆ ಮುಗಿಯಿತು. ಇಲ್ಲಿ ಗೋಡೆ ಬಿಚ್ಚಿ ಕಟ್ಟಲು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾ ಕಚೇರಿಯ, ಪರ್ಮಿಟ್ ಬೇಕಂತೆ. ಅದನ್ನು ಬೀದಿಗೆ ಕಾಣುವಂತೆ ಕಿಟಕಿಗೆ ಅಂಟಿಸಬೇಕಂತೆ! ಗೋಡೆಯೊಳಗಿನ ಮರದ ಚೌಕಟ್ಟು ಒಣಗಿ, ಇನ್ಸ್‌ಪೆಕ್ಟರು ನೋಡಿ ಹೂಂ ಅನ್ನುವವರೆಗೆ ಗೋಡೆ ಮುಚ್ಚುವಂತಿಲ್ಲವಂತೆ. ಕೆಲಸದವರು ಬೂಷ್ಟು ಕೆರೆದು, ಕೋಣೆಗೆ ಪ್ಲಾಸ್ಟಿಕ್ ಪರದೆ ಕಟ್ಟಿ, ತೇವ ಹೀರುವ ಯಂತ್ರವನ್ನೂ ದೊಡ್ಡ ಫ್ಯಾನನ್ನೂ ಇಟ್ಟು ಹೋದರು.

ಪರದೆ ಸರಿಸಿ ಇಣುಕಿದೆ. ಆಹಾ! ಬೆಚ್ಚನೆಯ ಒಣ ಗಾಳಿ! ಕಾಗೆಯ ಕಾಟವಿಲ್ಲ, ಮಳೆಯ ಭಯವಿಲ್ಲ! ನಾಮಕರಣದ ಊಟಕ್ಕೆ ಸಂಡಿಗೆ ಬೇಡವೇ? ಅಳಿಯಂದಿರು ಆಫೀಸಿಗೆ ಹೋದ ಮೇಲೆ ಅಕ್ಕಿಹಿಟ್ಟಿನ ಗಂಜಿ ಕಾಸಿ, ಪಂಚೆ ಹಾಸಿ ಸಾಲಾಗಿ ಸಂಡಿಗೆ ಇಟ್ಟೆ. ಮರುದಿನ ಕೆಲಸದವರು ಬೂಟುಗಾಲಲ್ಲಿ ತುಳಿದಾರೆಂದು ಮುಂಚೆಯೇ ಎತ್ತಿಟ್ಟೆ.

ಅವರು ಮರಕ್ಕೆ ಮೀಟರಿನ ಸೂಜಿ ಚುಚ್ಚಿ ತೇವ ನೋಡಿದರು. ತೇವ ಇಳಿದಿರಲಿಲ್ಲ, ಏರಿತ್ತು! ತಲೆ ಕೆರೆದುಕೊಂಡು ಇನ್ನೊಂದು ಯಂತ್ರ ತಂದಿಟ್ಟರು. ಗಾಳಿ ಜೋರಾಯಿತು. ನಾನು ಬೂದುಗುಂಬಳದ ಸಂಡಿಗೆಯನ್ನೂ ಶುರುಮಾಡಿದೆ.

"ಅತ್ತೆ, ಇನ್ನೊಂದು ಪೈಪೂ ಸೋರ್ತಿರಬೇಕು," ಎಂದು ಅಳಿಯಂದಿರು ತಲೆಮೇಲೆ ಕೈಹೊತ್ತು ಕುಳಿತರು.

"ಯೋಚನೆ ಮಾಡ್ಬೇಡಿ, ಎಲ್ಲಾ ಒಣಗುತ್ತೆ," ಎಂದೆ. ನನ್ನವು ಚೆನ್ನಾಗಿಯೇ ಒಣಗುತ್ತಿದ್ದವಲ್ಲ!

ಒಂದು ಬೆಳಿಗ್ಗೆ ಇನ್ಸ್‌ಪೆಕ್ಟರು ಬೇಗನೆ ಬಂದುಬಿಟ್ಟ. ಪರದೆ ಎತ್ತಿದವನೇ ಮೂಗು ಮುಚ್ಚಿಕೊಂಡು ಹಿಂದಕ್ಕೆ ಹಾರಿದ.

"ಏನಂತಾನೆ?" ಎಂದು ಅಳಿಯಂದಿರನ್ನು ಕೇಳಿದೆ.

"ಇಷ್ಟು ದಪ್ಪ ಬಿಳೀ ಬೂಷ್ಟು ನನ್ನ ಸರ್ವೀಸಲ್ಲೇ ನೋಡಿಲ್ಲ ಅಂತಾನೆ! ಅತ್ತೆ, ಏನಿದು?"

"ಅಯ್ಯೋ, ಬೂಷ್ಟಲ್ಲಪ್ಪಾ, ಸಂಡಿಗೆ!" ಎಂದು ಒಂದನ್ನೆತ್ತಿ ಅವನೆದುರೇ ಕಟುಂ ಎಂದು ಕಡಿದೆ. ಅವನ ಮುಖ ಸುಣ್ಣದಂತಾಯಿತು. ಪಾಪ, ಆಂಬುಲೆನ್ಸ್ ಕರೆಯಲೇ ಎಂದು ಕೇಳಿದನಂತೆ!

ಅಳಿಯಂದಿರು ವಿವರಿಸಿ ಹೇಳಿದ ಮೇಲೆ ಗೋಡೆ ಹಿಡಿದುಕೊಂಡು ನಕ್ಕ. ಆದರೆ ರೂಲ್ಸು ರೂಲ್ಸೇ. ಆ ಕೋಣೆಯಲ್ಲಿ ಒಣಗಿದ್ದೆಲ್ಲ, ಡಬ್ಬಿಗೆ ತುಂಬಿದ್ದೂ ಸೇರಿ, ಕಪ್ಪು ಚೀಲದಲ್ಲಿ ಕಸಕ್ಕೆ ಹೋಯಿತು. ಸುದ್ದಿ ಕೇಳಿ ವನಜ ಫೋನಿನಲ್ಲೇ ಕೂಗಿದಳು: "ಅಮ್ಮಾ! ನಿನ್ ಸಂಡಿಗೆ ಒಣಗ್ಲಿ ಅಂತ ನಾನು ಕಂಡೋರ ಮನೇಲಿ ಕೂತಿದ್ನಾ?"

ನನ್ನ ಬಾಯಲ್ಲಿ ಇನ್ನೂ ಚೂರು ಸಂಡಿಗೆ ಇತ್ತು.

ನಾನು ಬೇಸ್‌ಮೆಂಟಿನ ಮೆಟ್ಟಿಲು ಇಳಿಯುವುದು ಬಿಟ್ಟೆ. ಮರ ತಾನಾಗಿ ಒಣಗಿತು! ಇನ್ಸ್‌ಪೆಕ್ಟರು ಸಹಿ ಹಾಕಿದ, ಗೋಡೆ ಮುಚ್ಚಿದರು, ಬಂಗಾರ ಮನೆಗೆ ಬಂತು.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ಕೂಸು ನನ್ನ ಮಡಿಲಲ್ಲಿ.

"ಅತ್ತೆ, ಸಾರಿಗೆ ನೆಂಚ್ಕೊಳ್ಳಕ್ಕೆ ಏನಾದ್ರೂ ಇದ್ಯಾ?" ಎಂದರು ಅಳಿಯಂದಿರು, ತುಟಿಯಂಚಲ್ಲೇ ನಗುತ್ತಾ.

ಊರಿಗೆಲ್ಲ ಸಂಡಿಗೆ ಹಂಚಿದ ಈ ಕೈ, ಅಂಗಡಿಯ ಚಿಪ್ಸ್ ಪೊಟ್ಟಣಕ್ಕೆ ಹೋಯಿತು. ಎಳೆದೆ, ಕಚ್ಚಿದೆ. ಹರಿಯಲಿಲ್ಲ! ಕೊನೆಗೆ ವನಜಳೇ ಕಿತ್ತುಕೊಂಡು ಹರಿದಳು.