ಸೆರಗು ಜಾರದ ಸೊಸೆ

ಹೊಗಳಿಕೆ ಯಾರಿಗೆ, ಯಾವ ಕಾರಣಕ್ಕೆ ಒದಗಿ ಬರುತ್ತದೆಂದು ಹೇಳಲು ಬರುವುದಿಲ್ಲ. ನನಗೆ ಅದು ಬಂದದ್ದು ತಲೆಗೂದಲು ಉದುರಿದ್ದರಿಂದ. ಬನಹಟ್ಟಿಗೆ ಸೊಸೆಯಾಗಿ ಬಂದಂದಿನಿಂದ ನನ್ನ ತಲೆಯ ಮೇಲೆ ಸೆರಗು ನಿಂತದ್ದೇ ಇಲ್ಲ. ರೊಟ್ಟಿ ಬಡಿಯುವಾಗ ಜಾರುತ್ತಿತ್ತು, ಸೀರೆ ಮಡಚುವಾಗ ಜಾರುತ್ತಿತ್ತು, ಹಿರಿಯರ ಕಾಲಿಗೆ ಬೀಳುವಾಗಂತೂ ನನಗಿಂತ ಮೊದಲು ಅದೇ ಬೀಳುತ್ತಿತ್ತು. ನಮ್ಮ ಅತ್ತೆ ಹೇಳಿ ಹೇಳಿ ಸೋತಿದ್ದರು. ಅಂಥ ನಾನು ಹೋದ ವರ್ಷ ಇದ್ದಕ್ಕಿದ್ದಂತೆ ಸೆರಗಿಗೆ ಪಿನ್ನು ಚುಚ್ಚಿಕೊಂಡು ಓಡಾಡತೊಡಗಿದೆ. ಅತ್ತೆ ಓಣಿಯಲ್ಲೆಲ್ಲ ಸುದ್ದಿ ಮಾಡಿದರು. "ನಮ್ಮ ಶೈಲಾಗ ಈಗ ಬುದ್ಧಿ ಬಂದೈತಿ ನೋಡ್ರಿ. ಮಲಗಿದ್ರೂ ಸೆರಗ ಜಾರೂದಿಲ್ಲ."

ಬುದ್ಧಿ ಬಂದಿರಲಿಲ್ಲ, ಕೂದಲು ಹೋಗಿತ್ತು. ಒಂದು ಮುಂಜಾನೆ ಬಾಚಿಕೊಳ್ಳುವಾಗ ಕಿವಿಯ ಹಿಂದೆ ಬೆರಳು ನುಣ್ಣಗೆ ಜಾರಿತು. ಎಂಟಾಣೆಯಷ್ಟು ಅಗಲದ ಜಾಗ. ತುರಿಕೆಯಿಲ್ಲ, ನೋವಿಲ್ಲ, ಒಂದೇ ಒಂದು ಕೂದಲೂ ಇಲ್ಲ. ಕೆಲವೇ ದಿನಗಳಲ್ಲಿ ಅದಕ್ಕೆ ಇನ್ನೆರಡು ಜೊತೆಯಾದವು. ಬಚ್ಚಲಲ್ಲಿ ಕನ್ನಡಿ ಹಿಡಿದು ಕುಳಿತು ಗಳಗಳನೆ ಅತ್ತುಬಿಟ್ಟೆ. ಹೀಗೇ ಹೋದರೆ ತಲೆಯಲ್ಲಿ ಏನುಳಿದೀತು ಎಂಬ ಭಯ. ಯಾರಿಗೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ನೇಯ್ದ ಸೀರೆ ಮಡಚುವುದು ನನ್ನ ಕೆಲಸ. ಎಳೆ ತಪ್ಪಿದ ಜಾಗ ಕಂಡರೆ ಅದು ಒಳಗೆ ಹೋಗುವಂತೆ ಮಡಿಕೆ ಹಾಕುವುದು ಕೈಗೆ ರೂಢಿಯಾಗಿದೆ (ಇದನ್ನು ದಯವಿಟ್ಟು ಗಿರಾಕಿಗಳ ಮುಂದೆ ಆಡಬೇಡಿ). ತಲೆಗೂ ಅದನ್ನೇ ಮಾಡಿದೆ.

ಗುಟ್ಟಾಗಿ ಔಷಧಿಯೂ ನಡೆದಿತ್ತು. ಉಳ್ಳಾಗಡ್ಡಿ ರಸ ತಿಕ್ಕಿದರೆ ಕೂದಲು ಬರುತ್ತದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರು. ತಿಕ್ಕಿದೆ. ಕೂದಲು ಬರಲಿಲ್ಲ. ಗಂಡ ಮಾತ್ರ ಮೂಗರಳಿಸುತ್ತ ಅಡುಗೆಮನೆಗೆ ಬಂದು, "ಭಜಿ ಮಾಡಾಕತ್ತೀಯೇನು?" ಎಂದು ಆಸೆಯಿಂದ ಕೇಳಿದರು. ಆಮೇಲೆ ತವರಿಗೆ ಹೋಗುವ ನೆಪ ಮಾಡಿ, ದೊಡ್ಡ ಊರಿನ ದೊಡ್ಡ ಬೋರ್ಡಿನ ಕೂದಲಿನ ಕ್ಲಿನಿಕ್ಕಿಗೆ ಹೋದೆ. ಟೈ ಕಟ್ಟಿದ ಒಬ್ಬಾತ "ನೂರಕ್ಕೆ ನೂರು ಗ್ಯಾರಂಟಿ ಮೇಡಂ" ಎಂದ. ನಾನಿನ್ನೂ ಸೆರಗಿನ ಪಿನ್ನು ತೆಗೆದಿರಲಿಲ್ಲ. ತಲೆ ನೋಡದೆ ಕೂದಲು ಕೊಡುವವರನ್ನು ನಂಬಲು ಧೈರ್ಯ ಸಾಲದೆ ಬಸ್ ಹತ್ತಿದೆ.

ಕೊನೆಗೆ ಗಂಡನಿಗಾದರೂ ಹೇಳೋಣವೆಂದು ನಿಶ್ಚಯಿಸಿದೆ. ಮನೆಯೊಳಗೆ ಅತ್ತೆಯ ಕಿವಿ ಬಹಳ ಚುರುಕು. ಅದಕ್ಕೇ ಹಿತ್ತಲಿನ ಮಗ್ಗದ ಶೆಡ್ಡಿಗೆ ಹೋದೆ. ಪವರ್‌ಲೂಮ್ ಓಡುವಾಗ ಎಷ್ಟೇ ಅರಚಿದರೂ ಎದುರಿಗಿದ್ದವರಿಗಷ್ಟೇ ಕೇಳುತ್ತದೆ. ನಮ್ಮೂರಲ್ಲಿ ಗುಟ್ಟನ್ನು ಕೂಗಿಯೇ ಹೇಳುವುದು. ಗಂಡನ ಕಿವಿಯ ಹತ್ತಿರ ಬಾಯಿಟ್ಟು, "ನನ್ನ ತಲಿ ಬೋಳ ಆಗಾಕತ್ತೈತ್ರಿ" ಎಂದು ಗಂಟಲು ಹರಿಯುವಂತೆ ಕೂಗತೊಡಗಿದೆ. "ಬೋಳ" ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ಒಮ್ಮೆಲೇ ನಿಂತವು. ನಾನು ನಿಲ್ಲಲಿಲ್ಲ.

ಬಾಗಿಲಲ್ಲಿ ಚಹಾ ಹಿಡಿದು ಅತ್ತೆ ನಿಂತಿದ್ದರು. ಚಹಾ ಕೆಳಗಿಟ್ಟು ಹತ್ತಿರ ಬಂದು, ಪಿನ್ನು ತಾವೇ ತೆಗೆದು ನೋಡಿದರು. ಬೈಗುಳಕ್ಕೆ ತಯಾರಾಗಿ ನಿಂತೆ. "ಇಷ್ಟ ದಿನ ಒಬ್ಬಾಕೀನ ಅತಗೊಂತ ಕುಂತಿದ್ದೇನ ಬೇ? ನಾ ಏನ ಸತ್ತಿದ್ನೇನು?" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. "ನಾಳಿಗೆ ಜಮಖಂಡಿಗೆ ಹೋಗೂಣು. ನನ್ನ ಕಾಲಿನ ತುರಿಕಿ ಕಡಿಮಿ ಮಾಡಿದ ಡಾಕ್ಟರ ಬಾಯಾರು ಅದಾರ." ತುರಿಕೆ ಡಾಕ್ಟರಿಗೂ ಕೂದಲಿಗೂ ಏನು ಸಂಬಂಧವೆಂದು ಮನಸ್ಸಿನಲ್ಲೇ ನಕ್ಕೆ. ಕೂದಲು ಚರ್ಮದಿಂದಲೇ ಹುಟ್ಟುತ್ತದೆಂಬುದು ಬಿ.ಎ. ಓದಿದ ನನಗೆ ಹೊಳೆದಿರಲಿಲ್ಲ.

ಡಾಕ್ಟರ್ ಬಾಯಾರು ಮೊದಲು ಹೇಳಿದ ಮಾತೇ "ಸೆರಗ ತಗೀರಿ". ದುರ್ಬೀನಿನಂಥದೊಂದನ್ನು ಹಿಡಿದು ಇಂಚಿಂಚಾಗಿ ನೋಡಿದರು. "ಹುಳ ತಿಂದದ್ದಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತೂದೂ ಅಲ್ಲ. ಅಲೋಪೇಶಿಯಾ ಅಂತಾರ. ನಿಮ್ಮ ಮೈಯಾಗಿನ ಕಾವಲಿನವರು ನಿಮ್ಮ ಕೂದಲಿನ ಬೇರನ್ನ ವೈರಿ ಅಂತ ತಿಳಕೊಂಡಾರ್ರಿ."

ಅತ್ತೆ ನನ್ನ ಕಡೆ ತಿರುಗಿದರು. "ನಿನ್ನ ಮೈಯೂ ನಿನ್ನಂಗ ಐತಿ ಬಿಡು. ತನ್ನವರು ಯಾರಂತ ಅದಕ್ಕ ತಿಳೀವಲ್ದು."

ಆ ಮಾತು ತಾಕಬೇಕಾದಲ್ಲೇ ತಾಕಿತು. ಅದನ್ನು ಮರೆಸಲು, "ಗ್ಯಾರಂಟಿ ಬರತಾವೇನ್ರಿ?" ಎಂದು ಡಾಕ್ಟರರನ್ನು ಕೇಳಿದೆ. "ಗ್ಯಾರಂಟಿ ಕೊಡೂದಿಲ್ರಿ. ಬಹಳ ಮಂದಿಗೆ ಬರತಾವು. ಬಂದದ್ದು ಮತ್ತ ಹೋಗಲೂಬಹುದು. ಹೋದ್ರ ಮತ್ತ ಬರ್ರಿ, ನಾ ಇಲ್ಲೇ ಇರತೀನಿ." ವಿಚಿತ್ರವೆಂದರೆ ಆಗ ನನಗೆ ನಂಬಿಕೆ ಬಂತು. ರಕ್ತ ಪರೀಕ್ಷೆಯಾಯಿತು. ತಲೆಗೆ ಸಣ್ಣ ಸೂಜಿಯ ಇಂಜೆಕ್ಷನ್ನುಗಳೂ ಶುರುವಾದವು. ನೋಯುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅತ್ತೆ ನನ್ನ ಕೈ ಹಿಡಿದು, ನನಗಿಂತ ಜೋರಾಗಿ "ಅಯ್ಯೋ" ಅನ್ನುತ್ತಿದ್ದರು.

ಕೆಲವು ತಿಂಗಳು ಕಳೆದ ಮೇಲೆ ಅಂಗಳದ ಬಿಸಿಲಲ್ಲಿ ನನ್ನನ್ನು ಕೂರಿಸಿಕೊಂಡು ತಲೆ ನೋಡುತ್ತಿದ್ದ ಅತ್ತೆ, ಒಮ್ಮೆಲೇ ಬಗ್ಗಿ ಕಣ್ಣು ಹತ್ತಿರ ತಂದರು. "ಬಂದಾವ ನೋಡು" ಎಂದರು ಮೆಲ್ಲಗೆ. ಹತ್ತಿಯಂಥ ಬಿಳಿ ಕೂದಲು. ಮೊದಲು ಹೀಗೇ ಬರುತ್ತವೆ, ಆಮೇಲೆ ಬಣ್ಣ ತಿರುಗುತ್ತವೆ ಎಂದು ಬಾಯಾರು ಹೇಳಿದ್ದರು. ತಿರುಗದಿದ್ದರೂ ನನ್ನ ತಕರಾರಿಲ್ಲ. ಈಗ ಎರಡು ಜಾಗ ತುಂಬಿವೆ, ಮೂರನೆಯದು ಇನ್ನೂ ವಿಚಾರ ಮಾಡುತ್ತಿದೆ. ಅತ್ತೆಯದು ಈಗ ಬೇರೆಯೇ ಹಾಡು: "ಸೆರಗ ತಗಿ, ತಲಿಗೆ ಗಾಳಿ ಹತ್ತಲಿ." ಮನೆಯಲ್ಲಿ ತೆಗೆದೆ. ಓಣಿಗೆ ಹೋಗುವಾಗ ಮಾತ್ರ ಪಿನ್ನು ಬಿಡಲು ಧೈರ್ಯವಾಗಿರಲಿಲ್ಲ.

ಮೊನ್ನೆ ಎದುರು ಮನೆಯ ಹೊಸ ಸೊಸೆ ರೇಖಾ ಉರಿಬಿಸಿಲಿನಲ್ಲಿ ಸೆರಗಿಗೆ ಪಿನ್ನು ಬಿಗಿದು, ಬೆವರು ಸುರಿಸುತ್ತ ನಲ್ಲಿಗೆ ಬಂದಳು. ಪಾಪ, ಇವಳಿಗೂ ನನ್ನದೇ ಗತಿ ಎಂದುಕೊಂಡೆ. ಪಕ್ಕಕ್ಕೆ ಕರೆದು ಕೇಳಿದೆ. "ಎಲ್ಲಿ ಹೋಗ್ಯಾವು, ಹಿಂದೋ ಮುಂದೋ? ಹೆದರಬ್ಯಾಡ, ಜಮಖಂಡಿಯೊಳಗ ಬಾಯಾರು ಅದಾರ."

ಅವಳು ಏನೂ ತಿಳಿಯದೆ ಪಿನ್ನು ತೆಗೆದಳು. ಮುಂಗೈ ದಪ್ಪದ ಜಡೆ ಸೊಂಟದವರೆಗೆ ಇಳಿಯಿತು. "ನನಗೇನೂ ಆಗಿಲ್ರಿ ಅಕ್ಕಾರ" ಎಂದಳು ಅಳುಮೋರೆಯಲ್ಲಿ. "ನಮ್ಮ ಅತ್ತಿ ದಿನಾ ಬೈತಾರ್ರಿ, ಶೈಲಕ್ಕನ್ನ ನೋಡಿ ಕಲಿ ಅಂತ."

ನಾನು ಅಲ್ಲೇ ಪಿನ್ನು ತೆಗೆದು, ತಲೆ ಬಗ್ಗಿಸಿ ಅವಳಿಗೆ ಎಲ್ಲ ತೋರಿಸಿದೆ. ಇಬ್ಬರೂ ಪಿನ್ನಿಲ್ಲದೆಯೇ ಮನೆಗೆ ನಡೆದೆವು. ಸಂಜೆಯ ಹೊತ್ತಿಗೆ ಓಣಿಯಲ್ಲಿ ಒಟ್ಟಿಗೇ ಇಬ್ಬರು ಸೊಸೆಯರ ಬುದ್ಧಿ ಕೆಟ್ಟಿತ್ತು.